ಫಿಕ್ಸ್ ಎಮ್ಲಿನ್

ಎಮ್ಲಿನ್ ಪ್ರೋಬರ್ಟ್ ತನ್ನ ಎಪ್ಪತ್ತು ದಾಟಿದ ಬದುಕಿನಲ್ಲಿ ಒಂದೇ ಒಂದು ತೀರ್ಮಾನವನ್ನಾದರೂ ಒಬ್ಬನೇ ಕೂತು ತೆಗೆದುಕೊಂಡಿದ್ದಾನೆಂದು ಕುಮ್‌ಬರ್ಲನ್ ಎಂಬ ಆ ಗಣಿ ಊರಿನಲ್ಲಿ ಯಾರೂ ಪ್ರಮಾಣ ಮಾಡಿ ಹೇಳಲಾರರು. ಶಾಲೆ ಬಿಟ್ಟ ಮರುವಾರವೇ ಕಲ್ಲಿದ್ದಲು ಗಣಿಗೆ ಇಳಿದ. ಅದು ಅಪ್ಪನ ಮಾತು. ಗಣಿಯಲ್ಲಿ ಎಲ್ಲದಕ್ಕೂ ಸಂಘದ ಸಭೆ. ಎಲ್ಲರೂ ಕೈ ಎತ್ತಿದಾಗ ಅವನೂ ಎತ್ತಿದ, ಇಳಿಸಿದಾಗ ಇಳಿಸಿದ. ಮದುವೆಯ ವಿಚಾರವನ್ನು ನೆಸ್ಟಾ ತಾನೇ ನಿರ್ಧರಿಸಿ, ಚಾಪೆಲ್‌ನಲ್ಲಿ ದಿನವನ್ನೂ ಗೊತ್ತು ಮಾಡಿಸಿ ಬಂದು, ಆಮೇಲೆ ಅವನಿಗೆ ತಿಳಿಸಿದಳು. ಗಣಿ ಮುಚ್ಚುವ ತೀರ್ಮಾನವನ್ನು ಲಂಡನ್ನಿನಲ್ಲಿ ಯಾರೋ ಮಾಡಿದರು. ಅಲ್ಲಿಂದ ಮುಂದೆ ಎಮ್ಲಿನ್ ಶಾಲೆಯ ಬಸ್ಸು ಓಡಿಸಿದ. ಕಣಿವೆಯಲ್ಲಿ ಇರುವುದು ಒಂದೇ ರಸ್ತೆ, ಆದ್ದರಿಂದ ಎಲ್ಲಿ ತಿರುಗಬೇಕೆಂಬ ಚಿಂತೆಯೂ ಇರಲಿಲ್ಲ.

ಇಂಥ ಮನುಷ್ಯ ಇಡೀ ಚಾಪೆಲ್ ಬೀದಿಗೆ ಜ್ಞಾನಿಯಾದದ್ದು ಹೇಗೆ ಎಂದು ಕೇಳಿದರೆ, ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು, ಅಷ್ಟೇ.

ಆ ವರ್ಷ ಫೆಬ್ರವರಿಯ ಒಂದು ಶನಿವಾರ ಟೀವಿಯಲ್ಲಿ ಇಂಗ್ಲೆಂಡಿನ ಎದುರು ರಗ್ಬಿ ನಡೆಯುತ್ತಿತ್ತು. ನಮ್ಮ ಹುಡುಗರು ಗೆರೆಯ ಹತ್ತಿರ ಬಂದಿದ್ದರು. ಆ ಹೊತ್ತಿಗೇ ಫೋನು ಬಡಿದುಕೊಂಡಿತು. ಗ್ಯಾಸು ಕರೆಂಟು ಕೊಡುವ ಕಂಪನಿಯ ಹುಡುಗಿ.

"ಪ್ರೋಬರ್ಟ್ ಅವ್ರೇ, ನಿಮ್ಮ ದರಾನ ಮೂರು ವರ್ಷಕ್ಕೆ ಫಿಕ್ಸ್ ಮಾಡ್ಬಿಡ್ಲಾ? ಆಮೇಲೆ ಏರಿದ್ರೂ ನಿಮಗೆ ಏರಲ್ಲ, ಇಳಿದ್ರೂ ಇಳಿಯಲ್ಲ."

"ಹೂಂ," ಎಂದ ಎಮ್ಲಿನ್, ಕಣ್ಣು ಟೀವಿಯಿಂದ ಕೀಳದೆ.

"ಷರತ್ತುಗಳನ್ನ ಓದಿ ಹೇಳ್ಲಾ?"

"ಬೇಡಮ್ಮ."

"ಒಪ್ಪಿಗೆ ಅಂತ ಒಂದ್ಸಲ ಬಾಯಲ್ಲಿ ಹೇಳ್ಬೇಕು ಸರ್."

"ಒಪ್ಪಿಗೆ, ಒಪ್ಪಿಗೆ, ಒಪ್ಪಿಗೆ!" ಎಂದು ಎಮ್ಲಿನ್ ಎದ್ದುನಿಂತು ಕೂಗಿದ. ಮೊದಲ ಎರಡು ಹುಡುಗಿಗೆ. ಮೂರನೆಯದು, ಚೆಂಡು ಗೆರೆ ದಾಟಿದ್ದಕ್ಕೆ.

ಅದಾದ ಮೇಲೆ ಜಗತ್ತಿಗೆ ಏನಾಯಿತೋ ಎಲ್ಲರಿಗೂ ಗೊತ್ತು. ಚಳಿಗಾಲ ಬರುವಷ್ಟರಲ್ಲಿ ಗ್ಯಾಸಿನ ದರ ಏರತೊಡಗಿತ್ತು. ಎಲ್ಲೋ ದೂರದಲ್ಲಿ ಯುದ್ಧ ಶುರುವಾದ ಮೇಲಂತೂ ಆಕಾಶಕ್ಕೆ ಹೋಯಿತು. ಚಾಪೆಲ್ ಬೀದಿಯಲ್ಲಿ ಜನ ಮನೆಯೊಳಗೇ ಕೋಟು, ಟೋಪಿ ಹಾಕಿಕೊಂಡು ಟೀವಿ ನೋಡಿದರು. ಎದುರು ಮನೆಯ ಓಲ್ವೆನ್ ಆಂಟಿ, ಎಂಬತ್ತು ದಾಟಿದ ಹೆಂಗಸು, ಬೆಳಗಾದರೆ ಲೈಬ್ರರಿಗೆ ಹೋಗಿ ಅಲ್ಲಿನ ಬಿಸಿ ರೇಡಿಯೇಟರಿಗೆ ಬೆನ್ನು ಕೊಟ್ಟು ಕೂತು, ಓದಲಾಗದಷ್ಟು ಸಣ್ಣ ಅಕ್ಷರದ ಪುಸ್ತಕವನ್ನು ಲೈಬ್ರರಿ ಮುಚ್ಚುವ ಹೊತ್ತಿನವರೆಗೂ ಹಿಡಿದಿರುತ್ತಿದ್ದಳು. ತಮ್ಮ ಕಾಲ ಕೆಳಗೇ ಇದ್ದ ಕಲ್ಲಿದ್ದಲಿನಿಂದ ಅರ್ಧ ಲೋಕವನ್ನು ಬೆಚ್ಚಗಿಟ್ಟವರ ಮಕ್ಕಳು ಇವರು. ಆಗೆಲ್ಲ ಸಂಬಳದ ಜೊತೆಗೆ ಕಲ್ಲಿದ್ದಲೂ ಬಂದು ಬಾಗಿಲಲ್ಲಿ ರಾಶಿ ಬೀಳುತ್ತಿತ್ತು. ಈಗ ಅವರೆಲ್ಲ ಮನೆ ಬೆಚ್ಚಗಾಗಿಸುವ ಗ್ಯಾಸ್ ಬಾಯ್ಲರ್ ಹಚ್ಚುವ ಮುನ್ನ ಗೋಡೆಯ ಮೀಟರಿನ ಮುಖ ನೋಡುತ್ತಿದ್ದರು.

ಎಮ್ಲಿನ್ ಮನೆಯಲ್ಲಿ ಮಾತ್ರ ಬಿಲ್ಲು ಅಲ್ಲಾಡಲಿಲ್ಲ. ನೆಸ್ಟಾ ಬೀದಿ ತುದಿಯಲ್ಲಿ ಕೆರಿ ಎಂಬವಳ ಅಂಗಡಿಯಲ್ಲಿ ಬ್ರೆಡ್ಡು ಕೊಳ್ಳುವಾಗ ಬಾಯಿತಪ್ಪಿ ಅದನ್ನು ಹೇಳಿದಳು. ಹೇಳಿದವಳು ಮನೆ ಸೇರುವ ಮೊದಲೇ ಸುದ್ದಿ ಸೇರಿತ್ತು.

ಈ ಕಣಿವೆಯಲ್ಲಿ ಊರಿಗೆಲ್ಲ ನಾಲ್ಕೇ ಮನೆತನದ ಹೆಸರು. ಹಾಗಾಗಿ ಒಬ್ಬನನ್ನು ಗುರುತು ಹಿಡಿಯುವುದು ಅವನ ಕಸುಬಿನಿಂದ, ಇಲ್ಲವೇ ಅವನ ತಪ್ಪಿನಿಂದ. ಕ್ಲಬ್ಬು ನೋಡಿಕೊಳ್ಳುವವನು ಬಾರ್ ಗೆಥಿನ್. ಸ್ವಂತ ಅಪ್ಪನನ್ನು ಹೂಳುವ ಹೊತ್ತಿಗೆ ತಡವಾಗಿ ಬಂದವನು ಸಾಯುವ ತನಕ ಲೇಟ್ ಟ್ರೆವರ್. ಹೆಸರೊಂದು ಅಂಟಿಕೊಂಡಿತೆಂದರೆ ಪಾದ್ರಿಯೂ ಬಿಡಿಸಲಾರ. ಎಮ್ಲಿನ್‌ಗೆ ಮಾತ್ರ ಅಷ್ಟು ವರ್ಷವೂ ಹೆಸರೇ ಇರಲಿಲ್ಲ. ಹೆಸರಿಡಲಾದರೂ ಒಂದು ಕೆಲಸ ಮಾಡಿರಬೇಕಲ್ಲ! 'ನೆಸ್ಟಾಳ ಗಂಡ' ಎಂದರೆ ಎಲ್ಲರಿಗೂ ತಿಳಿಯುತ್ತಿತ್ತು, ಅಷ್ಟರಲ್ಲೇ ನಡೆಯುತ್ತಿತ್ತು. ಈಗ ಒಂದೇ ಸಂಜೆಯಲ್ಲಿ ಅವನು ಫಿಕ್ಸ್ ಎಮ್ಲಿನ್ ಆದ.

ಆ ಹೆಸರು ಅವನಿಗೆ ಎಷ್ಟು ಹಿತವಾಯಿತೆಂದರೆ, ಒಂದಷ್ಟು ದಿನ ಕಾರಣವಿಲ್ಲದೆ ಬೀದಿಯಲ್ಲಿ ಮೇಲಿಂದ ಕೆಳಕ್ಕೆ ನಡೆದಾಡಿದ. ಜನ ಬಾಗಿಲಲ್ಲಿ ನಿಂತು ಸಲಹೆ ಕೇಳಿದರು. ಮೊದಮೊದಲು ತಡವರಿಸಿದ. ಆಮೇಲೆ ನಾರ್ವೆಯ ಗ್ಯಾಸಿನ ಕೊಳವೆಗಳ ಬಗ್ಗೆ, ಸಮುದ್ರದ ಗಾಳಿಯಂತ್ರಗಳ ಬಗ್ಗೆ ರೇಡಿಯೋದಲ್ಲಿ ಕೇಳಿದ್ದನ್ನೇ ಸ್ವಲ್ಪ ನಿಧಾನವಾಗಿ, ಸ್ವಲ್ಪ ಹುಬ್ಬು ಗಂಟಿಕ್ಕಿ ಹೇಳಲು ಕಲಿತ. ನಿಧಾನವಾಗಿ ಹೇಳಿದರೆ ಯಾವ ಮಾತಾದರೂ ತೂಕವಾಗುತ್ತದೆ.

ಮೂರು ವರ್ಷ ಹಾಗೆ ಸುಖವಾಗಿ ಕಳೆಯಿತು. ನಾಲ್ಕನೆಯ ಫೆಬ್ರವರಿಯಲ್ಲಿ ಕಂಪನಿಯ ಕಾಗದ ಬಂತು: ನಿಮ್ಮ ದರ ಮಾರ್ಚ್ ಕೊನೆಗೆ ಮುಗಿಯುತ್ತದೆ, ಹೊಸದಾಗಿ ಫಿಕ್ಸ್ ಮಾಡಿಸುವಿರೋ, ಏರಿಳಿಯುವ ದರಕ್ಕೆ ಹೋಗುವಿರೋ ತಿಳಿಸಿ.

ಕಾಗದ ಬಂದದ್ದನ್ನು ಅಂಚೆಯವನು ಊರಿಗೆ ಹೇಳಿದ. ಊರು ಎಮ್ಲಿನ್‌ನ ಮೇಲೆ ಕಣ್ಣಿಟ್ಟಿತು. ನೆಸ್ಟಾಳ ಸೊಂಟ ನೋವಿಗೆಂದು ಅವನು ಸಂತೆಯಲ್ಲಿ ಅಗ್ಗಕ್ಕೆ ಸಿಕ್ಕ ಕರೆಂಟಿನ ಕಂಬಳಿಯೊಂದನ್ನು ತಂದ. ಗ್ಯಾಸು ಏರುತ್ತದೆಂದು ಅರ್ಧ ಬೀದಿ ಮಾತಾಡಿಕೊಂಡಿತು. ಮರುದಿನ ಬಿಸಿಲು ಬಂತೆಂದು ಕಿಟಕಿ ತೆಗೆದ. ಇಲ್ಲ, ಇಳಿಯುತ್ತದೆಂದು ಉಳಿದರ್ಧ ವಾದಿಸಿತು. ಅವನು ಮನೆಯಿಂದ ಹೊರಗೆ ಕಾಲಿಡಲು ಹೆದರುವಂತಾಯಿತು.

ಗುರುವಾರ ಸಂಜೆ ಗಂಡಸರ ಹಾಡಿನ ತಂಡದ ಅಭ್ಯಾಸ ಮುಗಿದ ಮೇಲೆ ಕ್ಲಬ್ಬಿನಲ್ಲಿ ಅವನನ್ನು ಹಿಡಿದೇ ಹಿಡಿದರು.

"ಏನಯ್ಯ ಫಿಕ್ಸು, ಕಾಗ್ದ ಬಂತಂತೆ?" ಎಂದ ಗೆಥಿನ್, ಬಿಯರು ಸುರಿಯುತ್ತ. "ನಾವೆಲ್ಲ ಈ ಏರೋ ಇಳಿಯೋ ದರದಲ್ಲಿ ಒದ್ದಾಡಿ ಸಾಕಾಗಿದೆ. ಏನ್ ಮಾಡ್ಬೇಕು, ಹೇಳು."

"ನೋಡ್ಬೇಕಪ್ಪ. ಗಾಳಿ ಹೆಂಗೆ ಬೀಸುತ್ತೋ," ಎಂದು ಎಮ್ಲಿನ್ ಅಡ್ಡಗೋಡೆಯ ಮೇಲೆ ದೀಪ ಇಟ್ಟ.

"ಗಾಳಿಯಂತ್ರದ ವಿಷ್ಯ ಹೇಳ್ತಿದಾನೆ, ಕೇಳ್ಕೊಳ್ರೋ," ಎಂದ ಗೆಥಿನ್ ಗೌರವದಿಂದ.

ಮೂಲೆಯಲ್ಲಿ ಕೂತಿದ್ದ ಓಲ್ವೆನ್ ಆಂಟಿಗೆ ಇಂಥ ದೀಪಗಳು ಹಿಡಿಸುತ್ತಿರಲಿಲ್ಲ. ಕೋಲು ಊರಿ ಎದ್ದು ಬಂದಳು.

"ಎಮ್ಲಿನ್, ನಿನ್ನ ತೊಟ್ಟಿಲಲ್ಲಿ ನೋಡಿದವಳು ನಾನು. ಗಾಳಿ ಗೀಳಿ ಬೇಡ. ನೀನೇನ್ ಮಾಡ್ತೀಯೋ ನಾನೂ ಅದನ್ನೇ ಮಾಡೋದು. ಫಿಕ್ಸೋ, ಬೇಡ್ವೋ? ಒಂದೇ ಮಾತು."

ಕ್ಲಬ್ಬಿನವರೆಲ್ಲ ಎಮ್ಲಿನ್‌ನ ಕಡೆ ತಿರುಗಿದರು. ದರ ಏರುತ್ತದೋ ಇಳಿಯುತ್ತದೋ ಅವನಿಗೆ ಹೇಗೆ ಗೊತ್ತಿರಬೇಕು? ಆದರೆ ಫಿಕ್ಸ್ ಎಮ್ಲಿನ್ ಎಂಬವನು ಎದ್ದುನಿಂತು ಫಿಕ್ಸ್ ಬೇಡ ಎಂದರೆ ಹೆಸರು ಉಳಿಯುವುದುಂಟೇ?

"ಫಿಕ್ಸೇ ಆಂಟಿ," ಎಂದ.

"ಅಂಗೆ ಬಾ ದಾರಿಗೆ," ಎಂದು ಗೆಥಿನ್ ಬಾರ್ ಕಟ್ಟೆ ಕುಟ್ಟಿದ. "ಎಲ್ರೂ ಒಟ್ಗೆ ಮಾಡ್ಸೋಣ. ಒಬ್ಬ ಆ ಕಡೆ ಒಬ್ಬ ಈ ಕಡೆ ಬೇಡ. ಎಲ್ಲಿ, ಕೈ ಎತ್ತಿ!"

ಗಣಿ ಮುಚ್ಚಿ ಒಂದು ತಲೆಮಾರು ಕಳೆದಿದ್ದರೂ ಆ ಮಾತು ಕೇಳಿದರೆ ಇಲ್ಲಿನ ತೋಳುಗಳು ತಾವಾಗಿ ಮೇಲೇಳುತ್ತವೆ. ಎಲ್ಲರೂ ಎತ್ತಿದರು. ಓಲ್ವೆನ್ ಆಂಟಿ ಕೋಲನ್ನೇ ಎತ್ತಿದಳು. ಎಮ್ಲಿನ್ ಕೂಡ ಎತ್ತಿದ, ಅಭ್ಯಾಸ ಬಲ.

ಮುಂದಿನ ವಾರದೊಳಗೆ ಬೀದಿಯೆಲ್ಲ ಎರಡು ವರ್ಷಕ್ಕೆ ಫಿಕ್ಸ್ ಆಯಿತು. ನಡುವೆ ಬಿಟ್ಟರೆ ದಂಡ ಎಂಬ ಮಾತಿಗೂ ಯಾರೂ ಹಿಂಜರಿಯಲಿಲ್ಲ. ಎಮ್ಲಿನ್ ಕೂಡ ಫೋನು ಹಿಡಿದ. ಆ ಕಡೆಯಿಂದ ಸಂಗೀತ ಬಂತು. ಅದನ್ನು ಕೇಳುತ್ತ ಕೂತಿದ್ದಾಗ ರೇಡಿಯೋದಲ್ಲಿ ಯಾವನೋ ಪಂಡಿತ, ಬೇಸಿಗೆಗೆ ದರ ಇಳಿದರೂ ಇಳಿಯಬಹುದು ಎಂದುಬಿಟ್ಟ. ಎಮ್ಲಿನ್ ಫೋನು ಕೆಳಗಿಟ್ಟ. ಮಾಡಿಸುವುದಂತೂ ಸರಿ, ಇನ್ನೊಂದು ದಿನ ನೋಡಿದರೆ ಕಂಪನಿಯೇನು ಓಡಿಹೋಗುತ್ತದೆಯೇ?

"ಮಾಡ್ಸಿದ್ಯಾ?" ಎಂದು ನೆಸ್ಟಾ ಕೇಳಿದಾಗಲೆಲ್ಲ "ನಾಳೆ" ಎಂದ. ಆ ನಾಳೆಗಳ ನಡುವೆ ಮಾರ್ಚ್ ಮುಗಿಯಿತು. ಕೊನೆಯ ದಿನ ಹಾಡಿನ ತಂಡ ಸ್ಪರ್ಧೆಗೆಂದು ಉತ್ತರಕ್ಕೆ ಹೋಗಿತ್ತು. ಎಮ್ಲಿನ್ ಬಸ್ಸಿನಲ್ಲಿ ಕೂತು ಹಾಡುತ್ತಿದ್ದ. ಮನೆಗೆ ಬಂದರೆ ಕಂಪನಿ ಅವನ ಪರವಾಗಿ ತೀರ್ಮಾನ ಮಾಡಿ ಮುಗಿಸಿತ್ತು: ನೀವು ಏನೂ ತಿಳಿಸದ ಕಾರಣ ನಿಮ್ಮನ್ನು ಏರಿಳಿಯುವ ದರಕ್ಕೆ ಹಾಕಿದ್ದೇವೆ.

ಸೋಮವಾರ ಸರಿಮಾಡಿಸುತ್ತೇನೆ ಎಂದುಕೊಂಡ. ಅಷ್ಟರಲ್ಲಿ ಏರಿಳಿಯುವ ದರ ಇಳಿದೇಬಿಟ್ಟಿತು. ಜುಲೈಯಲ್ಲಿ ಮತ್ತೆ ಇಳಿಯಿತು.

ಸುಳ್ಳೇಕೆ ಹೇಳಬೇಕು, ಮೊದಲ ದಿನ ಎಮ್ಲಿನ್ ಅಡುಗೆಮನೆಯಲ್ಲಿ ಕುಣಿದ. ಮತ್ತೆ ಗೆದ್ದಿದ್ದ, ಮತ್ತೆ ಏನೂ ಮಾಡದೆ! ಇದನ್ನು ಯಾರಿಗಾದರೂ ಹೇಳಬೇಕೆಂದು ಟೋಪಿ ಹಾಕಿಕೊಂಡು ಬಾಗಿಲವರೆಗೆ ಹೋದ. ಅಲ್ಲೇ ನಿಂತ. ಯಾರಿಗೆ ಹೇಳುವುದು?

ಎದುರು ಮನೆಯ ಓಲ್ವೆನ್ ಆಂಟಿ ಅವನನ್ನು ನೋಡಿ ಬಿಲ್ಲು ಹಿಡಿದು ರಸ್ತೆ ದಾಟಿ ಬಂದಳು.

"ನೋಡೋ, ನನ್ ಕಣ್ಣಿಗೆ ಕಾಣ್ಸಲ್ಲ. ದರ ಇಳೀತಂತೆ, ನಂದು ಇಳಿದಿಲ್ವಂತೆ?"

"ಫಿಕ್ಸ್ ಅಂದ್ರೆ ಹಂಗೇ ಆಂಟಿ," ಎಂದ ಎಮ್ಲಿನ್, ಅವಳ ಬಿಲ್ಲನ್ನೇ ನೋಡುತ್ತ.

"ಮೋಸ ಹೋದ್ವು ಅನ್ನು." ಅವಳು ನಕ್ಕಳು. "ಹೋಗ್ಲಿ ಬಿಡೋ, ಮುಖ ಯಾಕೆ ಸಣ್ಣ ಮಾಡ್ಕೋತೀಯ? ನೀನು ಬೇಕಂತ ಹೇಳಿದ್ಯಾ? ಎಲ್ರಿಗೂ ಆದದ್ದು ನಿಂಗೂ ಆಯ್ತು. ನೀನೊಬ್ಬ ಹೊರಗಿದ್ದಿದ್ರೆ ನಂಗೆ ಹೊಟ್ಟೆ ಉರೀತಿತ್ತು. ಎಲ್ರೂ ಇದೀವಿ, ಇನ್ನೇನು."

ಎಮ್ಲಿನ್ ಒಳಗೆ ಬಂದು ಟೋಪಿ ತೆಗೆದ.

ಕ್ಲಬ್ಬಿನಲ್ಲೂ ಯಾರೂ ಜಗಳಕ್ಕೆ ಬರಲಿಲ್ಲ. ಬಂದಿದ್ದರೆ ಚೆನ್ನಾಗಿತ್ತು. ಬರೀ ಕಾಲೆಳೆದರು, ಬೆನ್ನು ತಟ್ಟಿದರು, "ನಿನ್ನ ಬಿಲ್ಲೂ ನಮ್ದಷ್ಟೇ ಕಚ್ತಾ?" ಎಂದು ಕೇಳಿದರು. "ಕಚ್ತು" ಎಂದ. ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿಕೊಂಡಂತೆ, ಯಾರಾದರೂ ಮೀಟರು ಎಂದರೆ ಸಾಕು, ಅವನ ಕಿವಿ ಕೆಂಪಾಗುತ್ತಿತ್ತು. ಗುರುವಾರ ಹಾಡುವಾಗ ದನಿ ಏಳಲಿಲ್ಲ. ನೆಗಡಿ ಎಂದ.

ನೆಸ್ಟಾ ಕೆರಿಯ ಅಂಗಡಿಗೆ ಹೋಗುವುದನ್ನು ಬಿಟ್ಟಳು. ಬೀದಿ ತುದಿಯಲ್ಲೇ ಬ್ರೆಡ್ಡು ಸಿಗುತ್ತಿದ್ದರೂ, ಸೊಂಟ ಹಿಡಿದುಕೊಂಡು ಬಸ್ಸು ಹತ್ತಿ ಪಕ್ಕದ ಊರಿಗೆ ಹೋಗಿ ತರತೊಡಗಿದಳು. ಎಮ್ಲಿನ್ ಅದನ್ನು ಕೆಲವು ದಿನ ನೋಡಿಯೂ ನೋಡದವನಂತಿದ್ದ. ಕೊನೆಗೆ ಒಂದು ಮಧ್ಯಾಹ್ನ ಅವಳು ಮಳೆಯಲ್ಲಿ ನೆಂದು ಬಂದು ಚೀಲ ಇಟ್ಟಾಗ ತಡೆಯಲಾಗಲಿಲ್ಲ.

"ಕೆರಿ ಬ್ರೆಡ್ಡಿಗೆ ಏನಾಗಿದೆ?"

"ಬ್ರೆಡ್ಡಿಗೇನೂ ಆಗಿಲ್ಲ. ಅಲ್ಲಿ ನಿಂತು ಎಲ್ರೂ ಗ್ಯಾಸ್ ಕಂಪ್ನೀನ ಬೈತಾರೆ. ನಾನು ಯಾವ ಬಾಯಲ್ಲಿ ಬೈಲಿ?" ಒದ್ದೆ ಕೋಟನ್ನು ಕುರ್ಚಿಗೆ ಎಸೆದಳು. "ಕೈ ಎತ್ತಿದ್ಯಲ್ಲ ಎಮ್ಲಿನ್."

"ಗ್ಯಾಸಿಗೆ ಕಣೇ. ಮುಷ್ಕರಕ್ಕೇನೂ ಅಲ್ವಲ್ಲ."

"ಕೈ ಅಂದ್ರೆ ಕೈ," ಎಂದಳು ನೆಸ್ಟಾ. ಬ್ರೆಡ್ಡನ್ನು ಮೇಜಿನ ಮೇಲಿಡುತ್ತ, "ಹೈವೆಲ್ ರೀಸ್‌ನ ಹೂಳಿದ ದಿನ ನೆನಪಿದ್ಯಾ?" ಎಂದಳು.

ನೆನಪಿಲ್ಲದೆ ಏನು? ಹಿಂದೆ ಒಮ್ಮೆ ವರ್ಷಪೂರ್ತಿ ನಡೆದ ಗಣಿ ಮುಷ್ಕರದಲ್ಲಿ, ಇನ್ನೇನು ಮುಗಿಯಿತು ಎನ್ನುವಾಗ, ಮಗುವಿಗೆ ಹಾಲಿಲ್ಲವೆಂದು ಪೊಲೀಸರ ಬಸ್ಸಿನಲ್ಲಿ ಕೂತು ಕೆಲಸಕ್ಕೆ ಹೋದವನು ಹೈವೆಲ್. ಅವನ ಜೊತೆ ಮತ್ತೆ ಯಾರೂ ಒಂದು ಲೋಟ ಕುಡಿಯಲಿಲ್ಲ. ಇಪ್ಪತ್ತೈದು ವರ್ಷದ ಮೇಲೆ ಸತ್ತಾಗ ಹಾಡಿನ ತಂಡ ಪದ್ಧತಿಯಂತೆ ಚಾಪೆಲ್‌ಗೆ ಬಂದು ಸಾಲಾಗಿ ನಿಂತಿತು, ಬಾಯಿ ಮಾತ್ರ ಬಿಡಲಿಲ್ಲ. ಆರ್ಗನ್ ಒಂದೇ ನುಡಿಯಿತು. ಮುಂದಿನ ಸಾಲಿನಲ್ಲಿ ಹೈವೆಲ್‌ನ ಹೆಂಡತಿ ಕೂತಿದ್ದಳು. ಬಾಯಿ ಬಿಡದವರಲ್ಲಿ ಎಮ್ಲಿನ್ ಕೂಡ ಒಬ್ಬ.

"ಇಷ್ಟಕ್ಕೆಲ್ಲ ಯಾರೂ ಹಾಗೆ ಮಾಡಲ್ಲ," ಎಂದ ಎಮ್ಲಿನ್. ಹೇಳುವಾಗ ಅವನಿಗೇ ನಂಬಿಕೆಯಿರಲಿಲ್ಲ.

"ಮಾಡಲ್ಲ. ನಂಗೊತ್ತು. ಆದ್ರೆ ನಂಗೆ ಅಂಗಡೀಗೆ ಹೋಗಕ್ ಆಗ್ತಿಲ್ಲ."

ಎಮ್ಲಿನ್ ಎದ್ದು ಫೋನಿನ ಹತ್ತಿರ ಹೋಗಿ ಕೂತ. ಆ ಕಡೆಯ ಸಂಗೀತ ಮುಗಿಯುವವರೆಗೂ ಈ ಸಲ ಏಳಲಿಲ್ಲ.

"ನಮಸ್ಕಾರ, ನಾನು ಕ್ಲೋಯಿ. ಏನ್ ಸಹಾಯ ಬೇಕಿತ್ತು ಸರ್?"

"ಫೆಬ್ರವರೀಲಿ ಎರಡು ವರ್ಷದ ಒಂದು ಫಿಕ್ಸ್ ಇತ್ತಲ್ಲಮ್ಮ, ಅದು ಬೇಕಿತ್ತು."

"ಅದು ಮುಚ್ಚಿಹೋಗಿದೆ ಸರ್. ಆದ್ರೆ ಒಳ್ಳೆ ಸಮಯಕ್ಕೆ ಫೋನ್ ಮಾಡಿದೀರ. ಈಗ ಅದಕ್ಕಿಂತ ತುಂಬಾ ಕಡಿಮೇದು ಇದೆ."

"ಕಡಿಮೇದು ಬೇಡ."

"ಸರ್?"

"ಜಾಸ್ತೀದು ಯಾವ್ದಿದೆ ನಿಮ್ಮಲ್ಲಿ?"

"ಸರ್..." ಕ್ಲೋಯಿಯ ದನಿ ಮೆತ್ತಗಾಯಿತು, ವಯಸ್ಸಾದವರ ಜೊತೆ ಮಾತಾಡುವುದನ್ನು ಅವಳಿಗೆ ಕಲಿಸಿದ್ದರು. "ಯಾರಾದ್ರೂ ನಿಮ್ಮನ್ನ ಹೆದರಿಸ್ತಾ ಇದಾರಾ? ಪಕ್ಕದಲ್ಲಿ ಯಾರಾದ್ರೂ ಇದಾರಾ?"

"ನಮ್ಮಾಕೆ ಇದಾಳೆ."

"ಅವ್ರು ಹೆದರಿಸ್ತಿದಾರಾ?"

"ಐವತ್ತು ವರ್ಷದಿಂದ. ಆದ್ರೆ ಈ ವಿಷ್ಯಕ್ಕಲ್ಲಮ್ಮ."

ಕ್ಲೋಯಿ ಹುಡುಕಿದಳು. ಅಗ್ಗದ್ದನ್ನು ಹುಡುಕಿಕೊಡುವ ಯಂತ್ರಕ್ಕೆ ದುಬಾರಿಯದನ್ನು ಹುಡುಕುವುದು ಗೊತ್ತಿಲ್ಲದ್ದರಿಂದ ತಡವಾಯಿತು. ಕೊನೆಗೆ ಒಂದು ಸಿಕ್ಕಿತು: ವರ್ಷಕ್ಕೊಮ್ಮೆ ಬಾಯ್ಲರ್ ನೋಡಿಹೋಗುತ್ತಾರೆ, ಜೊತೆಗೆ ನಿಮ್ಮ ಹೆಸರಲ್ಲಿ ಸ್ಕಾಟ್ಲೆಂಡಿನಲ್ಲಿ ಒಂದು ಮರ ನೆಡುತ್ತಾರೆ.

"ಇದನ್ನ ಯಾರೂ ತಗೊಳ್ಳಲ್ಲ ಸರ್," ಎಂದಳು ಪ್ರಾಮಾಣಿಕವಾಗಿ.

ಎಮ್ಲಿನ್ ದರ ಕೇಳಿದ. ಓಲ್ವೆನ್ ಆಂಟಿಯ ಬಿಲ್ಲಿನಲ್ಲಿ ಕಂಡದ್ದಕ್ಕಿಂತ ತುಸು ಮೇಲೇ ಇತ್ತು. "ಹಾಕು," ಎಂದ.

ನೆಸ್ಟಾ ಬಾಗಿಲಲ್ಲಿ ನಿಂತಿದ್ದಳು. "ಅದ್ರಿಂದ ಬೀದಿಯವ್ರಿಗೆ ಏನಾದ್ರೂ ಉಳಿಯುತ್ತಾ?" ಎಂದು ಪಿಸುಗುಟ್ಟಿದಳು.

"ಕಾಸೂ ಉಳಿಯಲ್ಲ," ಎಂದ, ಫೋನಿಗೆ ಕೈ ಅಡ್ಡ ಹಿಡಿದು.

ಅವಳು ತಲೆಯಾಡಿಸಿದಳು.

"ದರ ಬದಲಾಯಿಸೋದಕ್ಕೆ ಕಾರಣ ಬರ್ಕೋಬೇಕು ಸರ್. ಮನೆ ಬದಲಾಗಿದ್ದು, ಕಡಿಮೆ ದರ ಸಿಕ್ಕಿದ್ದು, ಸೇವೆ ಸರಿಯಿಲ್ದೇ ಇರೋದು. ಯಾವುದು?"

"ಕೈ ಎತ್ತಿದ್ದೆ ಅಂತ ಬರ್ಕೋಮ್ಮ."

"ಹಾಗೊಂದು ಇಲ್ಲ ಸರ್. ಇತರೆ ಅಂತ ಹಾಕ್ತೀನಿ. ಮನಸ್ಸು ಬದಲಾದ್ರೆ ಹದಿನಾಲ್ಕು ದಿನದ ಒಳಗೆ..."

"ದಯವಿಟ್ಟು ಅದನ್ನ ಹೇಳ್ಬೇಡ," ಎಂದು ಎಮ್ಲಿನ್ ಫೋನು ಇಟ್ಟುಬಿಟ್ಟ. ತನ್ನ ಮನಸ್ಸಿನ ಗುಣ ಅವನಿಗೆ ತಿಳಿಯದ್ದೇನಲ್ಲ.

ನೆಸ್ಟಾ ಇನ್ನೂ ಒದ್ದೆಯಿದ್ದ ಕೋಟನ್ನು ಮತ್ತೆ ಹಾಕಿಕೊಂಡಳು. ಮೇಜಿನ ಮೇಲೆ ಅದೇ ಮಧ್ಯಾಹ್ನ ತಂದ ಬ್ರೆಡ್ಡಿತ್ತು. "ಬ್ರೆಡ್ಡು ತರ್ತೀನಿ," ಎಂದು ಹೊರಟಳು.

ಮಳೆ ನಿಂತಿತ್ತು. ಎಮ್ಲಿನ್ ಹೊಸ್ತಿಲಲ್ಲಿ ನಿಂತ. ಕೆರಿಯ ಅಂಗಡಿಯ ಬಾಗಿಲು ತೆರೆದಿತ್ತು, ಒಳಗಿನ ಮಾತು ಬೀದಿಗೆಲ್ಲ ಕೇಳಿಸುತ್ತಿತ್ತು.

"ಬಂದ್ಯಾ ತಾಯಿ!" ಎಂದಳು ಕೆರಿ. "ಎಲ್ಲಿ ಹೋಗಿದ್ದೆ ಇಷ್ಟ್ ದಿನ? ನಿನ್ ಗಂಡ ನಮ್ಮನ್ನೆಲ್ಲ ಮುಳುಗಿಸಿದ ಅಂತ ತಲೆ ಮರೆಸ್ಕೊಂಡಿದ್ಯಾ?"

"ನಿಮ್ಮನ್ನ ಮಾತ್ರಾನಾ?" ನೆಸ್ಟಾಳ ದನಿ ಎಲ್ಲರಿಗಿಂತ ಮೇಲೆದ್ದಿತು. "ನಮ್ದು ನಿಮ್ಮೆಲ್ರಿಗಿಂತ ದುಬಾರಿ ಕಣೇ! ಬುದ್ಧಿ ಬೇಡ್ವಾ ಆ ಮುದುಕಂಗೆ? ಸ್ಕಾಟ್ಲೆಂಡಲ್ಲಿ ಮರ ನೆಡ್ತಾರಂತೆ, ಮರ! ಅದರ ನೆರಳಲ್ಲಿ ಹೋಗಿ ಕೂತ್ಕೋತಾನೇನೋ ನಮ್ಮ ದೊರೆ!"

ಅಂಗಡಿ ಬಿದ್ದು ಬಿದ್ದು ನಕ್ಕಿತು. ಓಲ್ವೆನ್ ಆಂಟಿಯ ನಗು ಕೆಮ್ಮಾಯಿತು. ಅವಳಿಗೆ ನೀರು ಕೊಡಿ ಎಂದು ಯಾರೋ ಅಂದರು. ನೆಸ್ಟಾ ನಿಲ್ಲಿಸಲಿಲ್ಲ, ಇಷ್ಟು ದಿನ ಬೈಯದೆ ಇದ್ದದ್ದನ್ನೆಲ್ಲ ಬಡ್ಡಿ ಸಮೇತ ಬೈದಳು, ಕಂಪನಿಯನ್ನು ಅರ್ಧ, ಗಂಡನನ್ನು ಅರ್ಧ. ಹಾಗೆ ಮನಸಾರೆ ಅವಳು ಮಾತಾಡಿದ್ದನ್ನು ಎಮ್ಲಿನ್ ಕೇಳಿ ಎಷ್ಟೋ ದಿನವಾಗಿತ್ತು. ಅವನಿಗೆ ಎದೆ ತುಂಬಿ ಬಂತು.

ಗೆಥಿನ್ ಸಿಗರೇಟು ಕೊಂಡು ಅಂಗಡಿಯಿಂದ ಹೊರಗೆ ಬಂದ. ಕಣ್ಣೊರೆಸಿಕೊಳ್ಳುತ್ತ ಬೀದಿಯ ಆ ತುದಿಯಿಂದಲೇ ಕೂಗಿದ.

"ಏಯ್ ದುಬಾರಿ ಎಮ್ಲಿನ್! ನಾಳೆ ಹಾಡಕ್ಕೆ ಬರ್ತೀಯೇನೋ?"

"ಓ, ಬಂದೆ," ಎಂದ ಎಮ್ಲಿನ್, ಒಂದೇ ಕೂಗಿಗೆ.